ಹಳೇ ಸರ್ವರ್ ಏಳದಿದ್ದಾಗ ಡಿಸ್ಕ್ ಮುಟ್ಟುವುದು ಕೊನೆಗೆ

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ತಂದ ಡೆಲ್ ಪವರ್‌ಎಡ್ಜ್ ಆರ್710 ಸರ್ವರ್ ಇದೆ. ಎರಡು ಪ್ರೊಸೆಸರ್, 4 ಜಿಬಿಯ 12 ರ‍್ಯಾಮ್, ಪರ್ಕ್ 6/ಐ ರೇಡ್ ಕಾರ್ಡ್ (ಹಲವು ಡಿಸ್ಕನ್ನು ಒಂದಾಗಿ ನಡೆಸುವ ಕಾರ್ಡ್), 600 ಜಿಬಿಯ ನಾಲ್ಕು ಸ್ಯಾಸ್ ಡಿಸ್ಕ್ (ಸರ್ವರಿಗೆ ಬಳಸುವ ಬಗೆ) ರೇಡ್ 5ರಲ್ಲಿ, ಅದರ ಮೇಲೆ ಲಿನಕ್ಸ್ ಓಎಸ್ ಆದ ಸೆಂಟ್‌ಓಎಸ್ 7. ಬೇಸಿಗೆ ರಜೆಯಲ್ಲಿ ಮೂರು ವಾರ ಪ್ಲಗ್ ತೆಗೆದಿಟ್ಟಿದ್ದೆವು. ಈಗ ಆನ್ ಮಾಡಿದರೆ ಮುಂಭಾಗದ ಪುಟ್ಟ ಪರದೆ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಮೆಮೊರಿ ಬದಲಾಗಿದೆ ಅನ್ನುತ್ತದೆ, 48 ಜಿಬಿ ಬದಲು 40 ತೋರಿಸುತ್ತದೆ. ತಾರೀಖು ಯಾವುದೋ ಹಳೇದು. 'ಫಾರಿನ್ ಕಾನ್ಫಿಗರೇಶನ್' ಸಿಕ್ಕಿದೆ ಅಂತಲೂ ಬರುತ್ತದೆ. ಎಲ್ಲ ದಾಟಿದರೆ ಕಪ್ಪು ಪರದೆ, ಮಿನುಗುವ ಕರ್ಸರ್, ಅಷ್ಟೇ. ಪರಿಚಯದವರೊಬ್ಬರು "ಫಾರಿನ್ ಕ್ಲಿಯರ್ ಮಾಡಿ ಹೊಸ ಓಎಸ್ ಹಾಕಿಬಿಡಿ" ಅಂದರು. ಅದರಲ್ಲಿ ಏಳು ವರ್ಷದ ಅಂಕಪಟ್ಟಿ ಇದೆ. ಬ್ಯಾಕಪ್ ಇರುವುದು ಕಳೆದ ವರ್ಷದ್ದು. ಏನು ಮಾಡಲಿ?

ಉತ್ತರ: ಕ್ಲಿಯರ್ ಒತ್ತಿಲ್ಲ ತಾನೇ? ಒತ್ತಿಲ್ಲ ಅಂದರೆ ನಿಮ್ಮ ಅಂಕಪಟ್ಟಿಗಳು ಅಲ್ಲೇ ಇರುವ ಸಾಧ್ಯತೆ ಜಾಸ್ತಿ. ಗಾಬರಿ ಬೇಡ. ಆದರೆ ಇನ್ನು ಮುಂದೆ ಯಾವ ಕೀ ಒತ್ತುವ ಮೊದಲೂ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ "ಏನು ಬಂದಿತ್ತೋ ನೆನಪಿಲ್ಲ ಸಾರ್" ಅನ್ನುವ ಮಾತನ್ನು ನಾನು ಈ ಕೆಲಸದಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ.

ನೀವು ಬರೆದಿರುವುದು ಒಂದೇ ಕಾಯಿಲೆಯ ನಾಲ್ಕು ಲಕ್ಷಣ ಅಲ್ಲ. ನನ್ನ ಅಂದಾಜಿನಲ್ಲಿ ಮೂರು ಸಣ್ಣ ತೊಂದರೆಗಳು ಒಂದೇ ದಿನ ಬಂದು ಕೂತಿವೆ. ರ‍್ಯಾಮ್ ಒಂದು, ಮದರ್‌ಬೋರ್ಡಿನ ಬಟನ್ ಸೆಲ್ ಇನ್ನೊಂದು, ಒಂದು ಡಿಸ್ಕ್ ಮೂರನೆಯದು. ನಾಲ್ಕನೆಯದಾದ ಕರ್ಸರ್, ಸೆಲ್ ಸತ್ತಿದ್ದರ ಫಲ ಇರಬೇಕು.

ಮೂರೂ ಒಟ್ಟಿಗೇ ಯಾಕೆ ಬಂದವು? ಮೂರು ವಾರ ಪ್ಲಗ್ ತೆಗೆದಿದ್ದಿರಿ ಅಂದಿರಲ್ಲ, ಅಲ್ಲಿದೆ ಕಾರಣ. ಆರ್710 ಬಂದದ್ದು 2009ರಲ್ಲಿ. ಇಂಥ ಸರ್ವರ್ ವರ್ಷಗಟ್ಟಲೆ ನಿಲ್ಲದೆ ಓಡುತ್ತಾ ಇರುತ್ತದೆ. ಓಡುವಾಗ ಅದರ ಹಳೇತನ ಕಾಣುವುದಿಲ್ಲ. ಕರೆಂಟ್ ಇರುವವರೆಗೂ ಗಡಿಯಾರಕ್ಕೆ ಪವರ್ ಸಪ್ಲೈಯಿಂದಲೇ ಶಕ್ತಿ ಸಿಗುತ್ತದೆ, ಬಟನ್ ಸೆಲ್ ಸುಮ್ನೆ ಕೂತಿರುತ್ತದೆ. ಪ್ಲಗ್ ತೆಗೆದ ದಿನವೇ ಅದಕ್ಕೆ ಪರೀಕ್ಷೆ. ಡಿಸ್ಕಿನ ಬೇರಿಂಗ್ ಬಿಸಿಯಾಗಿ ತಿರುಗುತ್ತಿದ್ದಾಗ ಚೆನ್ನಾಗಿರುತ್ತದೆ, ತಣ್ಣಗಾಗಿ ನಿಂತ ಮೇಲೆ ಮತ್ತೆ ವೇಗ ಹಿಡಿಯಲು ಒದ್ದಾಡುತ್ತದೆ. ರ‍್ಯಾಮಿನ ಕಾಂಟ್ಯಾಕ್ಟ್‌ಗಳು ಬಿಸಿಯಿಂದ ತಂಪಿಗೆ ಬಂದಾಗ ಕೂದಲೆಳೆಯಷ್ಟು ಸರಿಯುತ್ತವೆ. ಹಳೇ ಸರ್ವರ್‌ಗಳು ಓಡುತ್ತಾ ಸಾಯುವುದಕ್ಕಿಂತ ಮಲಗಿ ಏಳುವಾಗ ಸಾಯುವುದೇ ಜಾಸ್ತಿ.

ಈಗ ಕೆಲಸದ ಕ್ರಮ. ಡಿಸ್ಕಿನ ವಿಷಯದಲ್ಲಿ ನೋಡುವುದು ಮೊದಲು, ಮುಟ್ಟುವುದು ಕೊನೆಗೆ. ರ‍್ಯಾಮ್ ಸರಿ ಇಲ್ಲದ ಯಂತ್ರದಲ್ಲಿ ಓಎಸ್ ಎದ್ದರೆ, ಕೆಟ್ಟ ರ‍್ಯಾಮ್ ಮೂಲಕ ಹಾದ ಡೇಟಾ ಹಾಗೇ ಡಿಸ್ಕಿಗೆ ಇಳಿಯುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಸರ್ವರ್ ಕರ್ಸರ್ ದಾಟದೆ ನಿಂತಿರುವುದು ಒಂದು ರೀತಿ ಒಳ್ಳೆಯದೇ ಆಯಿತು.

ಮೊದಲು ನೋಡುವುದು ಹೇಗೆ ಅಂತ ಹೇಳುತ್ತೇನೆ. ಆನ್ ಮಾಡಿ. ಪರ್ಕ್ ಕಾರ್ಡಿನ ಸಾಲುಗಳು ಬಂದಾಗ ಕಂಟ್ರೋಲ್ ಮತ್ತು ಆರ್ ಒಟ್ಟಿಗೆ ಒತ್ತಿ. ಫಾರಿನ್ ಸಂದೇಶ ಬಂದು ನಿಂತರೆ ಅಲ್ಲಿ 'ಸಿ' ಒತ್ತಿದರೂ ಅದೇ ಜಾಗಕ್ಕೆ ಹೋಗುತ್ತೀರಿ. ಅಲ್ಲಿ 'ಎಫ್' ಒತ್ತಬೇಡಿ, ಅದು ನೇರವಾಗಿ ಇಂಪೋರ್ಟ್ ಮಾಡುತ್ತದೆ, ಅಂದರೆ ಡಿಸ್ಕ್ ಮೇಲೆ ಬರೆದಿರುವ ರೇಡ್ ವಿವರವನ್ನು ಕಾರ್ಡಿಗೆ ಸೇರಿಸಿಬಿಡುತ್ತದೆ. ಒಳಗೆ ಹೋದ ಮೇಲೆ ಎರಡು ಪುಟ ನೋಡಿ: ವರ್ಚುವಲ್ ಡಿಸ್ಕ್ (ನಾಲ್ಕೂ ಸೇರಿ ಆದ ಒಂದು ಡಿಸ್ಕ್) ಇರುವುದು, ಫಿಸಿಕಲ್ ಡಿಸ್ಕ್ (ನಿಜವಾದ ಒಂದೊಂದು ಡಿಸ್ಕ್) ಇರುವುದು. ಎರಡರದ್ದೂ ಫೋಟೋ ತೆಗೆಯಿರಿ. ಫಾರಿನ್ ಪುಟ ಇದ್ದರೆ ಅದರದ್ದೂ. ಏನನ್ನೂ ಬದಲಿಸದೆ ಹೊರಗೆ ಬಂದು ಆಫ್ ಮಾಡಿ.

ಆ ಫೋಟೋದಲ್ಲಿ ಏನಿದೆ ಅನ್ನುವುದರ ಮೇಲೆ ಮುಂದಿನ ದಾರಿ.

ವರ್ಚುವಲ್ ಡಿಸ್ಕ್ 'ಡಿಗ್ರೇಡೆಡ್' (ಒಂದು ಡಿಸ್ಕ್ ಕಡಿಮೆ) ಅಂತ ಇದ್ದು, ನಾಲ್ಕರಲ್ಲಿ ಒಂದೇ ಡಿಸ್ಕ್ 'ಫಾರಿನ್' ಆಗಿದ್ದರೆ ನಿಶ್ಚಿಂತೆಯಿಂದ ಊಟ ಮಾಡಿ ಬನ್ನಿ. ನಡೆದದ್ದು ಇಷ್ಟು: ಮೊದಲ ಸಲ ಆನ್ ಮಾಡಿದಾಗ ಆ ಡಿಸ್ಕ್ ಸಮಯಕ್ಕೆ ಸರಿಯಾಗಿ ತಿರುಗಲಿಲ್ಲ. ಕಾರ್ಡ್ ಅದನ್ನು ಬಿಟ್ಟು ಮೂರರಲ್ಲೇ ಮುಂದೆ ಹೋಯಿತು. ಮುಂದಿನ ಸಲ ಆ ಡಿಸ್ಕ್ ಎದ್ದು ಬಂತು. ಆದರೆ ಕಾರ್ಡಿನ ಪ್ರಕಾರ ಅದು ಮನೆ ಬಿಟ್ಟು ಹೋದವನು, ಈಗ ಪರದೇಶಿ. ರೇಡ್ 5ರಲ್ಲಿ ಒಂದು ಡಿಸ್ಕ್ ಇಲ್ಲದಿದ್ದರೂ ಉಳಿದ ಮೂರರಿಂದ ಪೂರ್ತಿ ಡೇಟಾ ಸಿಗುತ್ತದೆ. ನಿಮ್ಮದು ಇದೇ ಕೇಸ್ ಅಂತ ನನ್ನ ಊಹೆ. ಹೀಗಿದ್ದರೆ ಆಫ್ ಆಗಿರುವಾಗ ಆ ಒಂದು ಡಿಸ್ಕನ್ನು ಒಂದಿಂಚು ಹೊರಗೆ ಎಳೆದಿಡಿ, ಮೇಲೆ ಸ್ಲಾಟ್ ನಂಬರ್ ಬರೆದು ಅಂಟಿಸಿ. ಇನ್ನು ಫಾರಿನ್ ಸಂದೇಶದ ಕಾಟ ಇರುವುದಿಲ್ಲ, ತಪ್ಪಿ ಒತ್ತುವ ಭಯವೂ ಇಲ್ಲ.

ವರ್ಚುವಲ್ ಡಿಸ್ಕೇ ಕಾಣುತ್ತಿಲ್ಲ, ನಾಲ್ಕೂ ಫಾರಿನ್ ಅನ್ನುತ್ತಿದೆ ಅಂದರೆ ಕಾರ್ಡ್ ತನ್ನ ಬಳಿ ಇದ್ದ ಮಾಹಿತಿ ಮರೆತಿದೆ, ಡಿಸ್ಕ್‌ಗಳು ಮರೆತಿಲ್ಲ. ರೇಡ್ ವಿವರ ಡಿಸ್ಕ್‌ಗಳ ಮೇಲೂ ಬರೆದಿರುತ್ತದೆ. ಆಗ ಇಂಪೋರ್ಟ್ ಮಾಡಬೇಕಾಗುತ್ತದೆ, ಆದರೆ ರ‍್ಯಾಮ್ ಸರಿಯಾದ ಮೇಲೆ. ಫಾರಿನ್ ಪುಟದಲ್ಲಿ ಇಂಪೋರ್ಟ್ ಮಾಡಿದರೆ ಹೇಗೆ ಕಾಣುತ್ತದೆ ಅನ್ನುವ ಮುನ್ನೋಟ ಸಿಗುತ್ತದೆ. ನಾಲ್ಕೂ ಡಿಸ್ಕ್ ಒಂದೇ ರೇಡ್ 5ರಲ್ಲಿ, ಸರಿಯಾದ ಗಾತ್ರದಲ್ಲಿ ಕಂಡರೆ ಮಾತ್ರ ಮುಂದೆ ಹೋಗಿ.

ವರ್ಚುವಲ್ ಡಿಸ್ಕ್ 'ಆಫ್‌ಲೈನ್' ಅಥವಾ 'ಫೇಲ್ಡ್', ಎರಡು ಡಿಸ್ಕ್ ಕಾಣೆ ಅಂತ ಇದ್ದರೆ ಇಲ್ಲಿಗೇ ನಿಲ್ಲಿ. ಇಲ್ಲಿ ಯಾವ ಡಿಸ್ಕ್ ಮೊದಲು ಬಿದ್ದದ್ದು, ಯಾವುದು ಆಮೇಲೆ ಅನ್ನುವುದೇ ಎಲ್ಲ. ಮೊದಲು ಬಿದ್ದದ್ದರಲ್ಲಿ ಹಳಸಿದ ಡೇಟಾ ಇರುತ್ತದೆ. ಅದನ್ನು ಬಲವಂತವಾಗಿ ಆನ್‌ಲೈನ್ ಮಾಡಿದರೆ ಹೊಸದು ಹಳೇದು ಕಲಸಿ ಹೋಗುತ್ತದೆ. ಪ್ರತಿ ಡಿಸ್ಕಿನ ಪೂರ್ತಿ ನಕಲು ತೆಗೆದು, ನಕಲಿನ ಮೇಲೆ ಕೆಲಸ ಮಾಡಬೇಕು. ಅದಕ್ಕೆ ರೇಡ್ ಇಲ್ಲದ ಸ್ಯಾಸ್ ಕಾರ್ಡ್ ಬೇಕು. ಮನೆಯ ಪಿಸಿಯ ಸಾಟಾ ಪೋರ್ಟಿಗೆ ಸ್ಯಾಸ್ ಡಿಸ್ಕ್ ಕೂರುವುದೇ ಇಲ್ಲ. ಈ ಸ್ಥಿತಿ ಇದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ, ನೀವೇ ಪ್ರಯೋಗ ಮಾಡಬೇಡಿ.

'ಕ್ಲಿಯರ್' ಬಗ್ಗೆ ಒಂದು ಮಾತು. ಅದು ಡೇಟಾ ಅಳಿಸುವುದಿಲ್ಲ, ಆ ಡಿಸ್ಕ್ ಯಾವ ರೇಡಿಗೆ ಸೇರಿದ್ದು ಅನ್ನುವ ವಿಳಾಸ ಅಳಿಸುತ್ತದೆ. ಒಂದೇ ಡಿಸ್ಕ್ ಫಾರಿನ್ ಆಗಿದ್ದರೆ ಅದರಿಂದ ದೊಡ್ಡ ನಷ್ಟ ಇಲ್ಲ. ನಾಲ್ಕೂ ಫಾರಿನ್ ಆಗಿದ್ದಾಗ ಒತ್ತಿದರೆ ಆಗುವುದೇ ಬೇರೆ. ನಾನು ಕಂಡ ಒಂದು ಕಡೆ ಹೀಗೇ ಕ್ಲಿಯರ್ ಮಾಡಿ, ಹೊಸ ರೇಡ್ ಮಾಡಿ, ಇನಿಶಿಯಲೈಸ್ (ಹಳೇದನ್ನು ಅಳಿಸಿ ಹೊಸದಾಗಿ ಸಿದ್ಧ ಮಾಡುವುದು) ಕೂಡ ಒತ್ತಿಬಿಟ್ಟಿದ್ದರು. ಡಿಸ್ಕ್ ನಾಲ್ಕೂ ಆರೋಗ್ಯವಾಗಿದ್ದವು. ಮೂಲ ತೊಂದರೆ ಸಡಿಲವಾಗಿದ್ದ ಒಂದು ಕೇಬಲ್. ನಿಮ್ಮ ಪರಿಚಯದವರು ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಖಾಲಿ ಸರ್ವರ್ ಆಗಿದ್ದರೆ ಅದು ಸರಿಯಾದ ಸಲಹೆಯೇ.

ಎಲ್ಲ ಡಿಸ್ಕ್ ತೆಗೆದು ರ‍್ಯಾಮ್ ಪರೀಕ್ಷೆ ಮಾಡಿ ಅಂತ ಕೆಲವರು ಹೇಳುತ್ತಾರೆ. ಬೇರೆ ಯಂತ್ರಗಳಲ್ಲಿ ಪರವಾಗಿಲ್ಲ. ಇಲ್ಲಿ ಬೇಡ. ಒಂದೂ ಡಿಸ್ಕ್ ಇಲ್ಲದೆ ಪರ್ಕ್ ಕಾರ್ಡ್ ಎದ್ದು, ಆಮೇಲೆ ಮತ್ತೆ ಹಾಕಿದರೆ ನಾಲ್ಕೂ ಫಾರಿನ್ ಆಗಿ ಕೂರಬಹುದು. ಇರುವ ಗೊಂದಲ ಸಾಲದಾ?

ಈಗ ರ‍್ಯಾಮಿಗೆ ಬರೋಣ. ಎರಡೂ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ಮುಚ್ಚಳ ತೆಗೆದ ಕೂಡಲೇ ಒಳಗಿನ ಫೋಟೋ. ಡಿಸ್ಕ್ ಸಮೇತ ಇದು 25 ಕಿಲೋ ಹತ್ತಿರ ತೂಗುತ್ತದೆ, ಇಳಿಸುವಾಗ ಇನ್ನೊಬ್ಬರನ್ನು ಕರೆಯಿರಿ.

ನೀವು ಕೊಟ್ಟ 48 ಮತ್ತು 40 ಅನ್ನುವ ಎರಡು ಅಂಕಿಯೇ ಅರ್ಧ ಕಥೆ ಹೇಳುತ್ತದೆ. ಆರ್710ರಲ್ಲಿ ರ‍್ಯಾಮ್ ಸ್ಲಾಟ್ 18. ಒಂದು ಪ್ರೊಸೆಸರ್‌ಗೆ ಒಂಬತ್ತು. ಒಂಬತ್ತನ್ನು ಮೂರು ಚಾನಲ್ (ಪ್ರೊಸೆಸರಿನಿಂದ ಮೆಮೊರಿಗೆ ಹೋಗುವ ದಾರಿ) ಹಂಚಿಕೊಳ್ಳುತ್ತವೆ. ಒಂದನೇ ಪ್ರೊಸೆಸರ್ ಕಡೆಯ ಎ1, ಎ4, ಎ7 ಸ್ಲಾಟ್ ಒಂದು ಚಾನಲ್. ಎ2, ಎ5, ಎ8 ಇನ್ನೊಂದು. ಎ3, ಎ6, ಎ9 ಮತ್ತೊಂದು. ಎರಡನೇ ಪ್ರೊಸೆಸರಿನ ಬಿ ಕಡೆಯೂ ಹೀಗೇ. ನಿಮ್ಮ 12 ರ‍್ಯಾಮನ್ನು ಸರಿಯಾಗಿ ಹಂಚಿದ್ದರೆ ಒಂದೊಂದು ಚಾನಲ್‌ನಲ್ಲಿ ಎರಡೆರಡು ಇರುತ್ತವೆ, ಅಂದರೆ ಚಾನಲ್‌ಗೆ 8 ಜಿಬಿ. ಸರಿಯಾಗಿ 8 ಜಿಬಿಯೇ ಕಾಣೆಯಾಗಿದೆ. ಹಾಗಾಗಿ ಎರಡು ರ‍್ಯಾಮ್ ಒಟ್ಟಿಗೆ ಕೆಟ್ಟವು ಅನ್ನುವುದಕ್ಕಿಂತ, ಒಂದರ ತೊಂದರೆಗೆ ಇಡೀ ಚಾನಲ್ ಮುಚ್ಚಿದೆ ಅನ್ನುವುದು ಹೆಚ್ಚು ನಂಬುವ ಮಾತು. ಯಾವ ಚಾನಲ್ ಅನ್ನುವುದನ್ನು ಆ ಕೇಸರಿ ಪರದೆಯೇ ಎಷ್ಟೋ ಸಲ ಹೇಳುತ್ತದೆ. ಡಿಮ್ (ಮೆಮೊರಿ ಹಲಗೆಯ ಹೆಸರು) ಅಂತ ಬರೆದು ಪಕ್ಕದಲ್ಲಿ ಸ್ಲಾಟಿನ ಹೆಸರು ಬರುತ್ತದೆ. ಸಾಲು ಉದ್ದ ಇದ್ದರೆ ಅದು ಓಡುತ್ತದೆ, ಕೊನೆಯವರೆಗೂ ನಿಂತು ಓದಿ. ಹೆಚ್ಚಿನವರು ಬಣ್ಣ ನೋಡುತ್ತಾರೆ, ಬರಹ ಓದುವುದಿಲ್ಲ.

ಸ್ಲಾಟ್ ಗೊತ್ತಾದರೆ ಆ ಚಾನಲ್‌ನ ಎರಡನ್ನೂ ಕಿತ್ತು, ಕಾಂಟ್ಯಾಕ್ಟ್‌ಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ಒಣಗಿಸಿ, ಮತ್ತೆ ಕೂರಿಸಿ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ನಮ್ಮೂರ ಪದ್ಧತಿ ನನಗೂ ಗೊತ್ತು, ನಾನೂ ಮಾಡಿದ್ದೇನೆ. ಕೆಲಸ ಆಗುತ್ತದೆ. ಆದರೆ ಚಿನ್ನದ ಲೇಪ ತುಂಬಾ ತೆಳು, ಉಜ್ಜಿದ ಪುಡಿ ಸ್ಲಾಟಿಗೆ ಬೀಳುತ್ತದೆ. ಬೇರೆ ದಾರಿ ಇದ್ದಾಗ ಬೇಡ. ಕೂರಿಸುವಾಗ ಎರಡೂ ಕಡೆಯ ಕಿವಿಗಳು ಟಕ್ ಅಂತ ತಾವೇ ಮುಚ್ಚಬೇಕು.

ಇಷ್ಟಕ್ಕೇ 48 ಬಂದರೆ ಸರಿ. ಬರಲಿಲ್ಲ ಅಂದರೆ ಆ ಜೋಡಿಯನ್ನು ಇನ್ನೊಂದು ಪ್ರೊಸೆಸರ್ ಕಡೆಯ ಜೋಡಿಯೊಂದಿಗೆ ಅದಲು ಬದಲು ಮಾಡಿ. ತೊಂದರೆ ರ‍್ಯಾಮ್ ಜೊತೆ ಆ ಕಡೆ ಹೋದರೆ ರ‍್ಯಾಮ್ ಕೆಟ್ಟಿದೆ. ಬೇರೆ ತರುವಾಗ ಅದೇ ಜಾತಿಯದ್ದು ತನ್ನಿ. ರಿಜಿಸ್ಟರ್ಡ್ ರ‍್ಯಾಮ್ ಇರುವ ಕಡೆ ಅನ್‌ಬಫರ್ಡ್ ಒಂದು ಸೇರಿದರೂ ಯಂತ್ರ ಏಳುವುದಿಲ್ಲ.

ತೊಂದರೆ ಸ್ಲಾಟಿನಲ್ಲೇ ಉಳಿದರೆ ಸ್ವಲ್ಪ ಯೋಚಿಸಬೇಕು. ಇಲ್ಲಿ ಸುಮಾರು ಜನ ಮದರ್‌ಬೋರ್ಡ್ ಹೋಯಿತು ಅಂತ ಬರೆದುಕೊಟ್ಟು ಎದ್ದು ಹೋಗುತ್ತಾರೆ. ಈ ಪೀಳಿಗೆಯ ಜಿಯಾನ್ 5500, 5600 ಪ್ರೊಸೆಸರ್‌ಗಳಲ್ಲಿ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ಆದ್ದರಿಂದ ಪ್ರೊಸೆಸರ್ ಸರಿಯಾಗಿ ಕೂತಿಲ್ಲದಿದ್ದರೆ, ಸಾಕೆಟ್ಟಿನ 1366 ಪಿನ್‌ಗಳಲ್ಲಿ ಒಂದು ಬಾಗಿದ್ದರೆ, ಕಾಣುವುದು ರ‍್ಯಾಮ್ ತೊಂದರೆಯಾಗಿಯೇ. ಹೀಟ್‌ಸಿಂಕ್ ತೆಗೆದು, ಪ್ರೊಸೆಸರ್ ಎತ್ತಿ, ಟಾರ್ಚ್ ಓರೆಯಾಗಿ ಹಿಡಿದು ಪಿನ್‌ಗಳನ್ನು ನೋಡಿ. ಬೆರಳು ತಾಗಿಸಬೇಡಿ. ಪಿನ್ ಸರಿ ಇದ್ದರೆ ಹಳೇ ಪೇಸ್ಟ್ ಒರೆಸಿ, ಹೊಸದು ಹಚ್ಚಿ ಮತ್ತೆ ಕೂರಿಸಿ. ನನ್ನ ಅನುಭವದಲ್ಲಿ "ಬೋರ್ಡ್ ಹೋಗಿದೆ" ಅಂದ ಯಂತ್ರಗಳಲ್ಲಿ ಒಳ್ಳೆಯ ಪಾಲು ಹೀಗೇ ಎದ್ದಿವೆ.

ಇದೂ ಆಗಲಿಲ್ಲ ಅಂದರೆ ಆ ಜೋಡಿ ಸ್ಲಾಟ್ ಖಾಲಿ ಬಿಟ್ಟು 40 ಜಿಬಿಯಲ್ಲೇ ಓಡಿಸಿ. ಅಂಕಪಟ್ಟಿಗೆ 40 ಧಾರಾಳ ಸಾಕು. ಏನೇ ಆದರೂ ಒಂದು ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್ (ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ) ಹಾಕಿ ಒಂದು ರಾತ್ರಿ ಓಡಲು ಬಿಡಿ. ಬೆಳಗ್ಗೆ ಒಂದೂ ತಪ್ಪು ತೋರಿಸದಿದ್ದರೆ ಮಾತ್ರ ಮುಂದಕ್ಕೆ.

ಮುಚ್ಚಳ ತೆಗೆದಿರುವಾಗಲೇ ಬಟನ್ ಸೆಲ್ ಬದಲಿಸಿ. ಅದು ಸಾಮಾನ್ಯ ಸಿಆರ್2032, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪರದೆಯಲ್ಲಿ ಇ1210 ಅಂತ ಬರುತ್ತಿದ್ದರೆ ಅದು ಇದೇ. ಡಬ್ಲ್ಯೂ1228 ಅಂತ ಬಂದರೆ ಅದು ಬೇರೆ ಬ್ಯಾಟರಿ, ರೇಡ್ ಕಾರ್ಡಿನದ್ದು. ಅದು ಲಿಥಿಯಂ ಬ್ಯಾಟರಿ, ಉಬ್ಬಿದೆಯಾ ಅಂತ ನೋಡಿ. ಉಬ್ಬಿದ್ದರೆ ಈಗಲೇ ತೆಗೆಯಿರಿ. ಉಬ್ಬಿಲ್ಲ ಅಂದರೆ ಅವಸರ ಇಲ್ಲ. ಅದು ಸತ್ತರೆ ಬರೆಯುವ ವೇಗ ಇಳಿಯುತ್ತದೆ, ಆನ್ ಮಾಡುವಾಗ ಒಂದು ಎಚ್ಚರಿಕೆ ಬರುತ್ತದೆ, ಡಿಸ್ಕಿನಲ್ಲಿ ಇರುವ ಡೇಟಾಗೆ ಏನೂ ಆಗುವುದಿಲ್ಲ. ಪಿಸಿಐ ಕಾರ್ಡ್ ಕೂರುವ ರೈಸರ್‌ಗಳನ್ನೂ, ರೇಡ್ ಕಾರ್ಡಿನಿಂದ ಡಿಸ್ಕ್ ಕಡೆಗೆ ಹೋಗುವ ಸ್ಯಾಸ್ ಕೇಬಲ್‌ಗಳನ್ನೂ ಒಮ್ಮೆ ಕಿತ್ತು ಗಟ್ಟಿಯಾಗಿ ಹಾಕಿ. ಎ ಮತ್ತು ಬಿ ಕೇಬಲ್ ಅದಲು ಬದಲಾಗಬಾರದು. ರೈಸರ್ ತೆಗೆದಿಟ್ಟು ಆನ್ ಮಾಡಲು ಹೋಗಬೇಡಿ. ರೈಸರ್ ಇಲ್ಲದೆ ಈ ಯಂತ್ರ ಪವರ್ ಆನ್ ಆಗುವುದೇ ಇಲ್ಲ, ಆಮೇಲೆ ನೀವು ಇಲ್ಲದ ರೋಗ ಹುಡುಕುತ್ತಾ ಕೂರುತ್ತೀರಿ.

ಪ್ಲಗ್ ಹಾಕಿದ ಕೂಡಲೇ ಪವರ್ ಬಟನ್ ಒತ್ತಬೇಡಿ. ಒಳಗೆ ಐಡ್ರ್ಯಾಕ್ ಅನ್ನುವ ಪುಟ್ಟ ಕಂಪ್ಯೂಟರ್ ಮೊದಲು ಏಳಬೇಕು. ಎರಡು ನಿಮಿಷ ಕೊಡಿ. ಕಾಲೇಜಿನ ಯುಪಿಎಸ್ ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಅದರಿಂದ ತೆಗೆದು ನೇರ ಲೈನಿಗೆ ಹಾಕಿ ನೋಡಿ. ಸರ್ವರ್ ಪವರ್ ಸಪ್ಲೈಗಳು ಅಂಥ ಕರೆಂಟಿನ ಮೇಲೆ ಕೆಲವೊಮ್ಮೆ ಮುನಿಸಿಕೊಳ್ಳುತ್ತವೆ.

ಸೆಲ್ ಸತ್ತಾಗ ಬಯೋಸ್ ಸೆಟ್ಟಿಂಗ್ (ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗ್) ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಹೋಗಿರಬಹುದು. ಎಫ್2 ಒತ್ತಿ ಒಳಗೆ ಹೋಗಿ. ತಾರೀಖು, ಸಮಯ ಸರಿ ಮಾಡಿ. ಇದನ್ನು ಬಿಟ್ಟು ಮುಂದೆ ಹೋದರೆ, ಲಿನಕ್ಸ್ "ಈ ಡಿಸ್ಕನ್ನು ಕೊನೆಯ ಸಲ ಬಳಸಿದ್ದು ಭವಿಷ್ಯದಲ್ಲಿ" ಅನ್ನುವಂಥ ವಿಚಿತ್ರ ದೂರು ಕೊಟ್ಟು ಚೆಕ್ ಮಾಡಲು ಕೂರಬಹುದು. ಆಮೇಲೆ ಬೂಟ್ ಮೋಡ್ (ಓಎಸ್ ಏಳಿಸುವ ವಿಧಾನ) ನೋಡಿ. ಬಯೋಸ್ ಮತ್ತು ಯುಇಎಫ್‌ಐ ಎರಡರಲ್ಲಿ, ಓಎಸ್ ಹಾಕಿದಾಗ ಯಾವುದಿತ್ತೋ ಅದೇ ಇರಬೇಕು. ನೆನಪಿಲ್ಲದಿದ್ದರೆ ಬಯೋಸ್ ಇಟ್ಟು ನೋಡಿ, ಹಳೇ ಯಂತ್ರಗಳಲ್ಲಿ ಹೆಚ್ಚಾಗಿ ಅದೇ. ಹಾರ್ಡ್ ಡಿಸ್ಕ್ ಸರದಿಯಲ್ಲಿ ಪರ್ಕ್ ಮೊದಲು ಬರಬೇಕು. ಒಳಗಡೆ ಬೋರ್ಡ್ ಮೇಲೂ ಒಂದು ಯುಎಸ್‌ಬಿ ಪೋರ್ಟ್ ಇದೆ. ಹಿಂದಿನ ಮಾಲೀಕರು ಅಲ್ಲಿ ಪೆನ್‌ಡ್ರೈವ್ ಬಿಟ್ಟಿದ್ದರೆ ನಿಮ್ಮ ಕರ್ಸರ್ ಅದರ ಮುಂದೆಯೇ ಮಿನುಗುತ್ತಾ ನಿಂತಿರಬಹುದು!

ಇಷ್ಟಾದ ಮೇಲೆ ಸೆಂಟ್‌ಓಎಸ್ ಎದ್ದರೆ ಖುಷಿಯಲ್ಲಿ ಲ್ಯಾಬ್ ತೆರೆಯಬೇಡಿ. ಮೊದಲು ಬ್ಯಾಕಪ್. ಇದರ ಯುಎಸ್‌ಬಿ 2.0, ಸೆಕೆಂಡಿಗೆ 30 ಎಂಬಿ ಸಿಕ್ಕರೆ ಹೆಚ್ಚು. ರೇಡ್ ತುಂಬಿದ್ದರೆ ಸುಮಾರು 1.8 ಟಿಬಿ, ಅಂದರೆ ಹದಿನಾರು ಗಂಟೆಗೂ ಮೇಲೆ. ಗಿಗಾಬಿಟ್ ನೆಟ್‌ವರ್ಕ್ ಮೂಲಕ ಇನ್ನೊಂದು ಪಿಸಿಗೆ ಕಳಿಸಿದರೆ ಐದಾರು ಗಂಟೆಯಲ್ಲಿ ಮುಗಿಯಬಹುದು. ಅಂಕಪಟ್ಟಿಯ ಫೋಲ್ಡರ್, ಡೇಟಾಬೇಸ್ ಮೊದಲು, ಉಳಿದದ್ದು ಆಮೇಲೆ.

ಎದ್ದಿಲ್ಲ, ಲಿನಕ್ಸ್ ಏಳಿಸುವ ಬೂಟ್ ಲೋಡರ್ 'ಗ್ರಬ್ ರೆಸ್ಕ್ಯೂ' ಅಂತ ನಿಂತಿದೆ ಅಂದರೆ ಡೆಬಿಯನ್ ಲೈವ್ (ಡಿಸ್ಕಿಗೆ ಹಾಕದೆ ಓಡುವ ಲಿನಕ್ಸ್) ಪೆನ್‌ಡ್ರೈವಿನಿಂದ ಏಳಿಸಿ, ರೇಡನ್ನು ಓದಲು ಮಾತ್ರ ಮೌಂಟ್ ಮಾಡಿ, ಅಲ್ಲಿಂದಲೇ ಬ್ಯಾಕಪ್ ತೆಗೆಯಿರಿ. ಬೂಟ್ ಲೋಡರ್ ರಿಪೇರಿ ಆಮೇಲೆ ಮಾಡಿದರಾಯಿತು. ಈ ಜಾಗದಲ್ಲಿ ಒಂದು ಹೊಂಡ ಇದೆ. ಸೆಂಟ್‌ಓಎಸ್‌ನ ಮೂಲವಾದ ರೆಡ್ ಹ್ಯಾಟ್ ಲಿನಕ್ಸಿನ 8ನೇ ಆವೃತ್ತಿಯಿಂದ ಪರ್ಕ್ 6/ಐ ಕಾರ್ಡಿನ ಬೆಂಬಲ ತೆಗೆದಿದ್ದಾರೆ. ಆ ಇನ್‌ಸ್ಟಾಲರ್ ಹಾಕಿದರೆ ಒಂದೂ ಡಿಸ್ಕ್ ಕಾಣುವುದಿಲ್ಲ. ರೇಡ್ ಸತ್ತೇ ಹೋಯಿತು ಅಂತ ಅಲ್ಲಿ ಗಾಬರಿಯಾಗಿ ಕ್ಲಿಯರ್ ಒತ್ತಿದವರಿದ್ದಾರೆ. ಕಾರ್ಡ್ ಸರಿ ಇರುತ್ತದೆ, ಡ್ರೈವರ್ ಇರುವುದಿಲ್ಲ, ಅಷ್ಟೇ.

ಬ್ಯಾಕಪ್ ತೆರೆದು ನಾಲ್ಕು ಫೈಲ್ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಡಿಸ್ಕಿನ ಸರದಿ. ಹೊರಗೆ ಎಳೆದಿಟ್ಟ ಹಳೇ ಡಿಸ್ಕನ್ನು ಮತ್ತೆ ಸೇರಿಸಬೇಡಿ. ಒಮ್ಮೆ ಏಳಲು ತಡ ಮಾಡಿದ್ದು ಮುಂದಿನ ಸಲ ಏಳದೇ ಇರಬಹುದು. ಅದರ ಜಾಗಕ್ಕೆ 600 ಜಿಬಿ ಅಥವಾ ಅದಕ್ಕಿಂತ ದೊಡ್ಡ ಸ್ಯಾಸ್ ಡಿಸ್ಕ್ ಹಾಕಿ. ಯಂತ್ರ ಓಡುತ್ತಿರುವಾಗಲೇ ಹಾಕಬಹುದು. ರೀಬಿಲ್ಡ್ ತಾನಾಗಿ ಶುರುವಾಗದಿದ್ದರೆ ಕಂಟ್ರೋಲ್ ಮತ್ತು ಆರ್ ಒತ್ತಿ ಒಳಗೆ ಹೋಗಿ ಹೊಸ ಡಿಸ್ಕನ್ನು ಹಾಟ್ ಸ್ಪೇರ್ (ಬದಲಿಗೆ ಸಿದ್ಧವಿರುವ ಡಿಸ್ಕ್) ಮಾಡಿ. ರೀಬಿಲ್ಡ್ ಅಂದರೆ ಉಳಿದ ಮೂರೂ ಹಳೇ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದುವುದು. ವರ್ಷಗಳಿಂದ ಯಾರೂ ಓದದ ಮೂಲೆಯಲ್ಲಿ ಒಂದು ಕೆಟ್ಟ ಸೆಕ್ಟರ್ ಸಿಕ್ಕರೆ ಅಲ್ಲೇ ಎಡವುತ್ತದೆ. ಬ್ಯಾಕಪ್ ಮೊದಲು ಅಂತ ಅಷ್ಟು ಹೇಳಿದ್ದು ಅದಕ್ಕೇ.

ಡಿಸ್ಕ್ ತರಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುತ್ತೀರಾದರೆ ಹಳೇ ಡಿಸ್ಕನ್ನು ಕ್ಯಾಡಿ (ಡಿಸ್ಕ್ ಕೂರುವ ಚೌಕಟ್ಟು) ಸಮೇತ ಜೊತೆಗೆ ಒಯ್ಯಿರಿ, ಅಳತೆ ತಪ್ಪುವುದಿಲ್ಲ. ದೊಡ್ಡದು ಅಗ್ಗಕ್ಕೆ ಸಿಗುತ್ತೆ ಅಂತ 4 ಟಿಬಿಯದ್ದು ತರಬೇಡಿ, ಈ ಕಾರ್ಡಿಗೆ 2 ಟಿಬಿಗಿಂತ ಮೇಲೆ ಕಾಣುವುದಿಲ್ಲ. ಮತ್ತೆ ಒಂದಲ್ಲ, ಎರಡು ತನ್ನಿ. ನಿಮ್ಮ ಉಳಿದ ಮೂರು ಡಿಸ್ಕ್‌ಗಳಿಗೂ ಅಷ್ಟೇ ವಯಸ್ಸಾಗಿದೆ ಅಲ್ವಾ?